ಹಾಡಿನ ಡಬ್ಬಿ ಆರಿಸಿದ್ದು

ನಿನ್ನೆ ಗ್ಯಾಸಿನ ಪುಸ್ತಕ ಹುಡಕಾಕ ಹೋದಾಗ ಟ್ರಂಕಿನ ತಳದಾಗ ನನ್ನ ಹಳೇ ನೋಟಬುಕ್ಕ ಸಿಕ್ತು. ರಟ್ಟಿನ ಮ್ಯಾಲ ನನ್ನ ದುಂಡನ್ನ ಅಕ್ಷರದಾಗ 'ಹಾಡಿನ ಡಬ್ಬಿ: ವಿಚಾರಣಿ' ಅಂತ ಬರದೈತಿ. ಕೆಳಗ ಪಟ್ಟಿ ಇಟ್ಟು ಎರಡ ಗೆರಿ ಎಳದೀನಿ. ಗೆರಿ ಮಾತ್ರ ನೆಟ್ಟಗ ಅದಾವ.

ಧೂಳ ಝಾಡಿಸಿದೆ. ನಡಕಿನಿಂದ ಒಂದ ಕಾಗದದ ಮಡಿಕಿ ಕೆಳಗ ಬಿತ್ತು. ಬಿಚ್ಚಿದ್ರ ಉಗುರಿನಷ್ಟ ಒಂದ ಕರೀ ಮೆಮರಿ ಕಾರ್ಡ. ಅದು ಅಲ್ಲಿ ಇರಬಾರದಿತ್ತು. ಅದು ದೇವರ ಜಗಲಿ ಮ್ಯಾಲಿನ ಹಾಡಿನ ಡಬ್ಬಿಯೊಳಗ ಐತಿ ಅಂತ ಎರಡ ವರ್ಷದಿಂದ ನಂಬಿಕೊಂಡ ಕುಂತಾಂವ ನಾನು. ಟ್ರಂಕಿನ ಬಾಜೂಕ ಹಂಗ ಕುಂತೆ. ಗ್ಯಾಸಿನ ಪುಸ್ತಕ ಇನ್ನೂ ಸಿಕ್ಕಿಲ್ಲ, ಹುಡುಕೂ ಮನಸೂ ಇಲ್ಲ.

ಇದನ್ನ ಫೋನಿನ್ಯಾಗ ಒಂದ ಬೆರಳಿಲೇ ಒತ್ತಿ ಒತ್ತಿ ಬರಿಯಾಕತ್ತೇನ್ರಿ. ಒತ್ತಕ್ಷರ ಹುಡಕೂದ್ರಾಗ ಹೇಳಬೇಕಾದ್ದ ಮರ್ತ ಹೋಗ್ತೈತಿ. ನೀವು ಸ್ವಲ್ಪ ತಡಕೊಬೇಕು. ತಡಾ ಮಾಡೂದು ನನ್ನ ಹುಟ್ಟಗುಣ, ಅದರದ ಈ ಕತಿ.

ನಮ್ಮ ಮನಿಯಾಕಿ ಹೆಸರು ಪಾರವ್ವ. ತವರಮನಿ ದಡ್ಡಿ ಅಂಬೋ ಊರು. ಗೋಕಾಕದಾಗ ನಮ್ಮ ಮನಿ, ನಾ ಕರದಂಟಿನ ಅಂಗಡ್ಯಾಗ ಪಾಕ ಹಿಡಿಯೂ ಕೆಲಸಕ್ಕ ಅದೀನಿ. ಅಕಿ ಮನ್ಯಾಗ ರೊಟ್ಟಿ ಬಡದು ಖಾನಾವಳಿಗೋಳಿಗೆ ಕೊಡ್ತಾಳ. ಒಲಿ ಮ್ಯಾಲಿನ ಮಾಡದಾಗ ಒಂದ ರೇಡಿಯೋ ಇತ್ತು. ಹಿಟ್ಟ ಕುಂತು ಕುಂತು ಅದು ಯಾವ ಬಣ್ಣದ್ದು ಅಂಬೋದ ಮರ್ತಿದ್ವಿ. ಹಾಡ ಬಂದ್ರ ಅಕಿ ಹಾಡಿನ ತಾಳಕ್ಕ ರೊಟ್ಟಿ ಬಡೀತಿದ್ಲು, ಬಾಯಿಲೆನೂ ಹಾಡತಿದ್ಲು. ಚಪ್ ಚಪ್ ಚಪ್ ಅಂತ ರೊಟ್ಟಿ ಹುಣ್ಣಿವಿ ಚಂದ್ರನಂಗ ತಿರಗತಿತ್ತು. ಸುದ್ದಿ ಬಂದ್ರ ಮಾತ್ರ ತಾಳ ತಪ್ಪಿ ರೊಟ್ಟಿ ದಪ್ಪ ಆಗತಿದ್ದುವು. ಖಾನಾವಳಿ ಮಾಲಕ ರೊಟ್ಟಿ ಎತ್ತಿ ಹಿಡದು, "ಯಾಕವ್ವಾ ಪಾರಕ್ಕ, ಇವತ್ತ ಸುದ್ದಿ ಭಾಳ ಇದ್ದುವೇನು?" ಅಂತ ನಗತಿದ್ದ.

ಒಂದಿನ ಬಾಜೂ ಮನಿ ಕಾಕೂ ಬಂದು, "ಪಾರೂ, ನಿಮ್ಮ ರೇಡಿಯೋದ ಸಪ್ಪಳಕ್ಕ ನಮ್ಮ ಎಮ್ಮಿ ಹಾಲ ಬಿಡವೊಲ್ದು" ಅಂದ್ಲು. ಆವಾಗ ನಾ ನೋಡಿದೆ, ರೇಡಿಯೋದ ಗುಂಡಿ ತುದೀಮಟ ತಿರಿವ್ಯಾಳ. ಇಷ್ಟ ಯಾಕ ದೊಡ್ಡದ ಇಟ್ಟಿ ಅಂತ ಕೇಳಿದ್ರ, "ಸೆಲ್ ಹೋಗ್ಯಾವ್ರಿ, ಸಣ್ಣಗ ಬರಾಕತ್ತೈತಿ" ಅಂದ್ಲು. ಸೆಲ್ ಹೊಸಾವು ಇದ್ದುವು. ಹೋಗಿದ್ದು ಅಕಿ ಎಡಗಿವಿ.

ಪರಊರಿನ ದೊಡ್ಡ ದವಾಖಾನಿಗಿ ಕರಕೊಂಡ ಹೋದೆ. ಡಾಕ್ಟರು ಎರಡೂ ಕಿವಿಗಿ ಯಂತ್ರಾ ಹಚ್ಚಿ ನೋಡಿ, "ಕಿವಿ ನರಾ ಒಣಗಾಕತ್ತಾವ. ಎಡಗಡಿದು ಪೂರಾ ಹೋಗೈತಿ. ಬಲಗಡೆ ಸ್ವಲ್ಪ ಉಳದೈತಿ, ಅದೂ ಹೋಗ್ತೈತಿ. ಯಾವಾಗ ಅಂತ ಹೇಳಾಕ ಬರೂದಿಲ್ಲ" ಅಂದ್ರು. ಮಷೀನ ಹಾಕಿದ್ರ ಹೆಂಗ್ರಿ ಅಂದೆ. "ನರಾನ ಇಲ್ಲಂದ್ರ ಮಷೀನ ಯಾರಿಗಿ ಕೇಳಸಬೇಕ್ರಿ?" ಅಂದ್ರು. ಅದು ದಸರಿ ಮುಗದ ಮರುದಿನ.

ಬರೂವಾಗ ಬಸ್ಸಿನ್ಯಾಗ ಅಕಿ ಕಿಡಕಿ ಕಡೆ ಕುಂತಿದ್ಲು. ಅಳಲಿಲ್ಲ. ಗೋಕಾಕ ಫಾಲ್ಸ ದಾಟಿದ ಮ್ಯಾಲ ನನ್ನ ಕಡೆ ತಿರಗಿ, "ರೀ, ನನಗ ಒಂದ ಸಣ್ಣ ಹಾಡಿನ ಡಬ್ಬಿ ತಂದ ಕೊಡ್ರಿ. ಕಿವ್ಯಾಗ ಇಟ್ಟಕೊಳ್ಳೂದು. ಉಳದ ಕಿವಿ ಇರೂಮಟ ಹೊಟ್ಟಿ ತುಂಬ ಕೇಳಿ ಬಿಡತೀನಿ" ಅಂದ್ಲು. ಮದವಿಯಾಗಿ ಮೂವತ್ತ ವರ್ಷದಾಗ ಅಕಿ ಬಾಯಿ ಬಿಟ್ಟ ಕೇಳಿದ್ದು ಅದೊಂದ.

ಫಾಲ್ಸ ಅಂದಕೂಡ್ಲೇ ನೆನಪಾತು. ಲಗ್ನಾದ ಹೊಸದಾಗಿ ಅಕೀನ ಅಲ್ಲಿಗಿ ಕರಕೊಂಡ ಹೋಗಿದ್ದೆ. ಮಳಿಗಾಲ, ನೀರ ಕೆಂಪಗ ಧುಮುಕತಿತ್ತು. ತೂಗ ಸೇತುವಿ ನಡಕ ನಿಂತು ಏನೇನೋ ಹೇಳಿದೆ. ಆ ಸಪ್ಪಳದಾಗ ನನ್ನ ದನಿ ನನಗ ಕೇಳಸವೊಲ್ದು. ಅಕಿ ಮಾತ್ರ ಎಲ್ಲಾದಕ್ಕೂ ಹೂಂ ಹೂಂ ಅನ್ನಾಕತ್ತಿದ್ಲು. ಆಮ್ಯಾಲ ಚಾ ಕುಡಿಯೂವಾಗ, "ಖರೇನ ಕೇಳಿಸ್ತೇನು?" ಅಂದ್ರ, "ಇಲ್ರಿ, ಏನೂ ಕೇಳಿಸ್ಲಿಲ್ಲ. ನಿಮ್ಮ ಮಾರಿ ನೋಡಿ ಹೂಂ ಅಂದೆ" ಅಂದ್ಲು. ಆವತ್ತ ನಾ ಭಾಳ ನಕ್ಕಿದ್ದೆ. ಅಕಿ ಗುಣ ಏನ ಅಂಬೋದು ಆವತ್ತ ತಿಳಕೊಬೇಕಾಗಿತ್ತು. ನಕ್ಕ ಬಿಟ್ಟೆ.

ನೀವು ಕೇಳಬಹುದು, ಮೊಬೈಲ್ ಇರಲಿಲ್ಲೇನು ಅಂತ. ಇತ್ತು, ಒಂದ. ಅದು ನನ್ನ ಕೂಡ ಅಂಗಡಿಗಿ ಬರತಿತ್ತು. ಮತ್ತ ಹಿಟ್ಟಿನ ಕೈಗಿ ಮೊಬೈಲಿನ ಗಾಜ ಮಾತ ಕೇಳೂದಿಲ್ಲ. ಒತ್ತೂ ಗುಂಡಿ ಇರಬೇಕು, ಸೆರಗಿಗಿ ಗಂಟ ಹಾಕೂವಷ್ಟ ಸಣ್ಣದಿರಬೇಕು, ದನಿ ದೊಡ್ಡದಿರಬೇಕು. ಇಷ್ಟ ನೋಟಬುಕ್ಕಿನ ಮೊದಲನೇ ಹಾಳ್ಯಾಗ ಬರಕೊಂಡೆ. ಇಷ್ಟಕ್ಕ ನಿಂದ್ರಬೇಕಾಗಿತ್ತು. ನಾ ನಿಂದ್ರಲಿಲ್ಲ.

ನಮ್ಮಪ್ಪಗ ಎತ್ತಿನ ಪರೀಕ್ಷಾ ಮಾಡೂ ಹುಚ್ಚ. ಮೂಡಲಗಿ ದನದ ಪ್ಯಾಟಿಗಿ ಯಾರ ಹೊಂಟ್ರೂ ಇವನ್ನ ಕರಕೊಂಡ ಹೋಗಾವ್ರು. ಬಾಯಿ ತಗಸಿ ಹಲ್ಲ ನೋಡಾಂವ, ಸುಳಿ ನೋಡಾಂವ, ಬಾಲ ಹಿಡದ ಜಗ್ಗಾಂವ, ನಾಕ ಹೆಜ್ಜಿ ನಡಸಿ ಮತ್ತ ನಾಕ ಹೆಜ್ಜಿ ತಿರಗಿ ನಡಸಾಂವ. ಮಂದಿಗಿ ಹತ್ತಾರ ಜೋಡಿ ಆರಿಸಿ ಕೊಟ್ಟ. ತನಗಂತ ಒಂದ ಜೋಡಿನೂ ಕಡೀತನಕ ತರಲಿಲ್ಲ. ಯಾವ ಎತ್ತಿಗಿ ನೋಡಿದ್ರೂ ಒಂದ ಐಬ ಕಾಣತಿತ್ತು. ನಾ ಸಣ್ಣಾಂವ ಇದ್ದಾಗ ಅವನ ಧೋತರದ ಚುಂಗ ಹಿಡಕೊಂಡ ಪ್ಯಾಟಿ ತುಂಬ ತಿರಗೀನಿ, ಸಾಲಿ ಬಿಟ್ಟು. ಅಪ್ಪನ ಹುಚ್ಚ ನನಗ ಎತ್ತಿನ ಮ್ಯಾಲ ಬರಲಿಲ್ಲ, ಉಳದ ಎಲ್ಲಾದರ ಮ್ಯಾಲೂ ಬಂತು.

ಅದರ ಮ್ಯಾಲ ಸಾಲಿ. ನಾ ಅಕ್ಷರಾ ಕಲ್ತಿದ್ದು ಮೂವತ್ತನಾಕರಾಗ. ದೊಡ್ಡವರ ಸಾಲ್ಯಾಗ ಸಣ್ಣ ಬೆಂಚಿನ ಮ್ಯಾಲ ಮೊಳಕಾಲ ಮಡಚಿ ಕುಂತು. ನಮ್ಮ ಮಾಸ್ತರ ಒಂದ ಮಾತ ಹೇಳತಿದ್ರು: "ಈರಪ್ಪಾ, ಪ್ರಶ್ನಿ ಪೂರಾ ಓದು. ಪೂರಾ ಓದದ ಉತ್ತರಾ ಬರದಾಂವ ಫೇಲ ಆಗತಾನ." ಅದು ನನ್ನ ತಲ್ಯಾಗ ಮೊಳಿ ಹೊಡದಂಗ ಕುಂತ ಬಿಡ್ತು. ಮೂರನೇ ಸಲಕ್ಕ ಹತ್ತನೇತ್ತ ಪಾಸ ಆದೆ. ಅಲ್ಲಿಂದ ಬೆಂಕಿ ಪೊಟ್ಟಣಾ ತಗೊಂಡ್ರೂ ಅದರ ಮ್ಯಾಲಿಂದ ಪೂರಾ ಓದೇ ಕಡ್ಡಿ ಗೀರತೀನಿ. ಓದ್ಲಾರದ ಇದ್ದ ವರ್ಷಗೋಳ ಸೇಡ ತೀರಿಸ್ಕೊಂಡಂಗ.

ಹಿಂಗ ಡಬ್ಬಿ ಆರಸಾಕ ಹೊಂಟೆ. ಅಂಗಿ ಕಿಸೆದಾಗ ನೋಟಬುಕ್ಕ, ಇನ್ನೊಂದ ಕಿಸೆದಾಗ ಒಂದ ಪುಡಕಿ ಜ್ವಾಳದ ಹಿಟ್ಟ. ಗುಂಡಿ ಹಿಟ್ಟಿನ ಕೈಗಿ ಕೆಲಸಾ ಮಾಡತಾವೋ ಇಲ್ಲೋ ನೋಡಬೇಕಲ್ರಿ?

ಗೋಕಾಕದಾಗ ಬಸ್ ಸ್ಟ್ಯಾಂಡ ಕಡೆ ಒಬ್ಬ ತರುಣನ ಮೊಬೈಲ್ ಅಂಗಡಿ ಐತಿ. ಮೊದಲ ಅಲ್ಲೇ ಹೋದೆ. ಅಂವ, "ಕಾಕಾ, ಇವನ್ನ ಈಗ ಯಾರ ತಗೋತಾರ್ರಿ? ನನ್ನ ಕಡೆ ಎರಡ ಉಳದಾವ, ನೋಡ್ರಿ" ಅಂತ ಧೂಳ ಒರಿಸಿ ಇಟ್ಟ. ನಾ ಪುಡಕಿ ಬಿಚ್ಚಿ, ಬೆರಳಿಗಿ ಹಿಟ್ಟ ಹಚ್ಚಿಕೊಂಡು ಗುಂಡಿ ಒತ್ತಾಕ ಹತ್ತಿದೆ.

"ಏ ಕಾಕಾ! ಏನ ಮಾಡಾಕತ್ತೀರಿ? ಅಂಗಡ್ಯಾಗ ರೊಟ್ಟಿ ಬಡೀತೀರೇನು?"

"ಪರೀಕ್ಷಾ ಮಾಡಾಕತ್ತೀನಿ ತಮ್ಮಾ."

"ಫೇಲ ಆತ ಬಿಡ್ರಿ ಅದು, ಗುಂಡಿ ಸಂದ್ಯಾಗ ಹಿಟ್ಟ ಹೊಕ್ತು!"

ಹೌದು, ಸಂದಿ ಇತ್ತು. ಐಬ ಅಂತ ಬರಕೊಂಡೆ.

ಎರಡ ವಾರ ಬಿಟ್ಟು ಮೂಡಲಗಿಗಿ ಹೋದೆ. ಅಲ್ಲಿ ಅಂಗಡಿಯವನ ಕಡೆ ದೇವರ ಚಿತ್ರ ಅಂಟಿಸಿದ ಎಂಟ ಡಬ್ಬಿ ಇದ್ದುವು. ಹಾಡ ಮೊದಲ ತುಂಬಿರತಾವ, ಬದಲಿ ಮಾಡಾಕ ಬರೂದಿಲ್ಲ. ಎಂಟೂ ಡಬ್ಬಿ ತಗಸಿ, ತೂಕಾ ನೋಡಿ, ಹಿಂದ ಮುಂದ ತಿರಿವಿ, ಒಂದೊಂದಕ್ಕ ಎಷ್ಟ ತಾಸ ಚಾರ್ಜ ನಿಂದರತೈತಿ ಅಂತ ಕೇಳಿದೆ. ಆತಗ ತಲಿ ಕೆಡ್ತು. "ಯಜಮಾನ್ರ, ದನದ ಪ್ಯಾಟಿ ಆಚೀ ಕಡೆ ಐತ್ರಿ. ಇವಕ್ಕ ಹಲ್ಲ ಇರೂದಿಲ್ಲ" ಅಂದ. ಮಂದಿ ನಕ್ರು. ನಾನೂ ನಕ್ಕೆ. ನಮ್ಮಪ್ಪನ ನೆನಪಾಗಿ ಖುಷೀನೂ ಆತು ನೋಡ್ರಿ, ಅದು ನನ್ನ ಕರ್ಮ.

ಮನಿಗಿ ಬಂದ್ರ ಪಾರವ್ವ ನನ್ನ ಕೈ ನೋಡತಿದ್ಲು. ಖಾಲಿ. ನೋಟಬುಕ್ಕ ತಗದು ಎಲ್ಲಾ ಓದಿ ಹೇಳತಿದ್ದೆ, ಬಲಗಿವಿ ಕಡೆ ಕುಂತು, ದೊಡ್ಡ ದನಿಲೆ. ಅಕಿ ಒಂದಿನ ಹಿಟ್ಟ ನಾದೂದ ಬಿಟ್ಟು, "ರೀ, ಯಾವುದರ ಒಂದ ತರ್ರಿ. ದೇವರ ಚಿತ್ರದ್ದ ಆದ್ರೂ ನಡೀತೈತಿ. ನಾ ಏನ ಅದಕ್ಕ ಹೆಣ್ಣ ಕೊಡೂದೈತೇನು?" ಅಂದ್ಲು.

"ಕಡೀ ಡಬ್ಬಿ ಪಾರೂ, ಛಲೋದ ಇರಲಿ" ಅಂದೆ. ಆ 'ಕಡೀ' ಅಂದದ್ದು ನೆನಸ್ಕೊಂಡ್ರ ಈಗ ನಾಲಗಿ ಕೊಯ್ಕೊಬೇಕ ಅನಸ್ತೈತಿ.

ಸಂಕ್ರಾಂತಿ ಮುಗದ ಮ್ಯಾಲ ಹುಕ್ಕೇರ್ಯಾಗ ಒಂದ ಸಿಕ್ತು. ಗಡಿಯಾರ ರಿಪೇರಿ ಮಾಡೂ ಮುದಕಪ್ಪ ಒಬ್ಬಾಂವ ಹಳೇ ಸಾಮಾನ ಮಾರತಿದ್ದ. ಬೆಂಕಿ ಪೊಟ್ಟಣದಷ್ಟ ಸ್ಟೀಲಿನ ಡಬ್ಬಿ, ಉಬ್ಬಿದ ಮೂರ ಗುಂಡಿ, ಉಗುರಿನಷ್ಟ ಪರದಿ, ಒಂದ ಹಸರ ದೀಪ. ಹಿಟ್ಟ ಹಚ್ಚಿ ಒತ್ತಿದೆ, ಸಂದ್ಯಾಗ ಹೋಗಲಿಲ್ಲ. ಮುದಕಪ್ಪ ತನ್ನ ಮೊಬೈಲಿನ ಕಾರ್ಡ ತಗದು ಅದರಾಗ ಹಾಕಿ, ಅದರ ವಾಯರ ತನ್ನ ಕಿವ್ಯಾಗ ಇಟ್ಟಕೊಂಡು ಗೋಣ ಅಲ್ಲಾಡಿಸಿದ. ಹೊರಗ ನಿಂತ ನನಗೂ ಸಣ್ಣಗ ಕೇಳಸ್ತು.

"ತಗೋರಿ, ನಿಮ್ಮ ಕಿವ್ಯಾಗ ಇಟ್ಟ ನೋಡ್ರಿ."

"ಬ್ಯಾಡ್ರಿ ಅಜ್ಜಾರ. ಮೊದಲ ಅಕಿ ಕೇಳಲಿ."

ಇದು ಯಾಕ ಅಂದ್ರ, ನಮ್ಮ ಕರದಂಟಿನ ಒಲಿ ಮುಂದ ಒಂದ ರೀತಿ ಐತಿ. ಹೊಸಾ ಬೆಲ್ಲ, ಹೊಸಾ ಅಂಟು ಬಂದು ಮೊದಲನೇ ತಾಟ ಇಳಿಸಿದಾಗ ಅದನ್ನ ಯಾರೂ ನಾಲಗಿಗಿ ಹಚ್ಚೂದಿಲ್ಲ. ಮೊದಲ ದೇವರಿಗಿ ಎಡಿ. ಪಾಕ ಕೈಲೇ ನೋಡತೀವಿ, ಕಣ್ಣಿಲೇ ನೋಡತೀವಿ, ಬಾಯಿಲೇ ನೋಡೂದಿಲ್ಲ. ಇಪ್ಪತ್ತೈದ ವರ್ಷ ಹಂಗ ಮಾಡಿದಾಂವಗ ಹೆಂಡತಿಗಿ ಒಯ್ಯೂ ಡಬ್ಬಿ ಮೊದಲ ತನ್ನ ಕಿವಿಗಿ ಇಟ್ಟಕೊಳ್ಳಾಕ ಮನಸ ಆಗಲಿಲ್ಲ. ಎಡಿ ಮುಟ್ಟಿದಂಗ ಆಗತಿತ್ತು.

ಆವತ್ತ ಅದನ್ನ ತರಬೇಕಾಗಿತ್ತು. ಅಮಾಸಿ ಇತ್ತು. ಅಮಾಸಿ ಮುಗದ ಮ್ಯಾಲ ಹೋದೆನೇನು? ಇಲ್ಲ. ಇದಕ್ಕಿಂತ ಛಲೋದ ಇನ್ನೆಲ್ಲೆರ ಇದ್ರ ಅಂತ ಮತ್ತ ಒಂದ ತಿಂಗಳ ತಿರಗಿದೆ.

ಕಡೀಕ ಹುಕ್ಕೇರಿಯ ಆ ಸ್ಟೀಲಿನ ಡಬ್ಬೀನ ತಂದೆ. ತಂದ ಮ್ಯಾಲ ಹಾಡ ಯಾವು ತುಂಬಬೇಕು ಅಂಬೋದ ಮತ್ತೊಂದ ಪರೀಕ್ಷಾ. ದಡ್ಡಿ ಕಡೆನ ಹತ್ತರಗಿಗಿ ಕೊಟ್ಟ ನಮ್ಮ ಮಗಳಿಗಿ ಫೋನ ಹಚ್ಚಿದೆ. ಅವ್ವಗ ಯಾವ ಭಜನಿ ಪದಾ ಸೇರತಾವ, ಯಾವ ಸೋಬಾನ, ಯಾವ ಹಳೇ ಸಿನಿಮಾದ್ದು, ಒಂದೊಂದ ಕೇಳಿ ಬರಕೊಂಡೆ. "ಅಪ್ಪಾ, ಹಾಡ ಆರಸಾಕೂ ಹತ್ತನೇತ್ತದ ಪರೀಕ್ಷಾ ಬರಿಯಾಕತ್ತೀಯೇನು? ಲಗೂನ ತುಂಬಸ್ಕೊಂಡ ಬಾ, ಅವ್ವ ಫೋನಿನ್ಯಾಗ ನನ್ನ ದನೀನೂ ಎರಡ ಸಲ ಕೇಳಾಕತ್ತಾಳ" ಅಂತ ಬೈದ್ಲು. ಬೈಕೋತನ ಅಲ್ಲಿ ಹೆಣ್ಮಕ್ಕಳ ಕಡೆಯಿಂದ ಒಂದ ಬೀಸೂಕಲ್ಲಿನ ಪದಾ ಹಾಡಿಸಿ ಕಳಿಸಿದ್ಲು, ಅವ್ವಗ ತವರಿನ ನೆನಪಾಗಲಿ ಅಂತ. ಅದನ್ನ ಪಟ್ಟಿಯೊಳಗ ಒಂದನೇ ನಂಬರ ಮಾಡಿದೆ.

ತುಂಬಾಕ ಗೋಕಾಕದ ಅದ ತರುಣನ ಕಡೆ ಕೊಟ್ಟೆ. ಸಂಜೀಕ ಹೋದ್ರ ಅಂಗಡಿ ತುಂಬ ಗಿರಾಕಿ. ಅಂವ ಒಂದ ಕೈಲೆ ಡಬ್ಬಿ, ಇನ್ನೊಂದ ಕೈಲೆ ಕಾಗದದ ಮಡಿಕಿ ಕೊಟ್ಟು, "ಕಾಕಾ, ಇದನ್ನ ಜ್ವಾಕಿ ಇಟ್ಕೊರಿ, ಕಳದ್ರ ನನ್ನ ಕೇಳಬ್ಯಾಡ್ರಿ" ಅಂದ. ಕಾರ್ಡ ಡಬ್ಬಿಯೊಳಗ ಹಾಕೇ ಕೊಟ್ಟಾನ, ಮಡಿಕಿ ಗ್ಯಾರಂಟಿ ಚೀಟಿ ಅಂತ ನಾ ತಿಳಕೊಂಡೆ. ಜ್ವಾಕಿ ಅಂದ್ರ ನನಗ ನೋಟಬುಕ್ಕ. ಅದರ ನಡಕ ಇಟ್ಟು, ನೋಟಬುಕ್ಕ ಟ್ರಂಕಿನ ತಳದಾಗ ಇಟ್ಟೆ.

ಯುಗಾದಿ ದಿನಾ ಡಬ್ಬಿ ಜಗಲಿ ಮ್ಯಾಲ ಇಟ್ಟು, ಕುಂಕುಮ ಹಚ್ಚಿ, ಅಕಿ ಬಲಗಿವ್ಯಾಗ ನಾನ ವಾಯರ ಇಟ್ಟೆ. ಗುಂಡಿ ಒತ್ತಿದೆ. ಹಸರ ದೀಪಾ ಹತ್ತಿತು. ಸಣ್ಣ ಪರದಿ ಮ್ಯಾಲ ಇಂಗ್ಲೀಷಿನ್ಯಾಗ ಏನೋ ಎರಡ ಶಬ್ದ ಬಂದುವು. ಬೆಂಕಿ ಪೊಟ್ಟಣಾ ಓದಾಂವ ನಾನು, ಆ ಎರಡ ಶಬ್ದ ಓದಲಿಲ್ಲ. ಅಕಿ ಮಾರಿ ನೋಡಾಕತ್ತಿದ್ದೆ.

ಅಕಿ ವಾಯರ ಕಿವಿಗಿ ಒತ್ತಿ ಹಿಡಕೊಂಡ್ಲು. ಆಮ್ಯಾಲ ಕಣ್ಣ ಮುಚ್ಚಿದ್ಲು. ಕಣ್ಣ ತಗದು ನನ್ನ ನೋಡಿದ್ಲು, ಸಣ್ಣಗ ಗೋಣ ಅಲ್ಲಾಡಿಸಿ ನಕ್ಲು.

"ಭಾಳ ಛಲೋ ಐತ್ರಿ" ಅಂದ್ಲು. "ಭಾಳ ಛಲೋ ಆರಿಸೀರಿ."

ನಾ ಆವತ್ತ ಹೋಳಗಿ ಆರ ಉಂಡೆ.

ಅಲ್ಲಿಂದ ದಿನಾ ರೊಟ್ಟಿ ಬಡಿಯೂವಾಗ ರೇಡಿಯೋ ಬಂದ್, ಡಬ್ಬಿ ಸೆರಗಿನ ಗಂಟಿನ್ಯಾಗ, ವಾಯರ ಕಿವ್ಯಾಗ. ಒಂದ ಮಾತ್ರ ನನಗ ಕಾಣಸ್ತು: ರೇಡಿಯೋದ ಕೂಡ ಹಾಡತಿದ್ದಾಕಿ ಡಬ್ಬಿ ಕೂಡ ಹಾಡತಿರಲಿಲ್ಲ. ರೊಟ್ಟಿ ದಪ್ಪ ಆಗಾಕತ್ತಿದ್ದುವು. ಕಿವ್ಯಾಗ ಇಟ್ಟಕೊಂಡ್ರ ಹಾಡ ಒಳಗ ಉಳೀತೈತಿ, ಬಾಯಿಗಿ ಬರೂದಿಲ್ಲ ಅಂತ ನನಗ ನಾನ ಸಮಾಧಾನ ಹೇಳಕೊಂಡೆ. ಹಾಡ ಬದಲಿ ಮಾಡಿಸ್ಲೇನು ಅಂದ್ರ, "ಬ್ಯಾಡ್ರಿ, ಇವ ಇರಲಿ" ಅಂತಿದ್ಲು. ಶ್ರಾವಣದಾಗ ಒಂದಿನ ನಾ ಬಾಗಲದಾಗ ನಿಂತು ನಾಕ ಸಲ ಕರದ್ರೂ ತಿರಗಲಿಲ್ಲ. ಭುಜಾ ಮುಟ್ಟಿದ್ರ ಬೆಚ್ಚಿ ಬಿದ್ಲು. ಆವತ್ತ ಸೆರಗಿನ ಗಂಟ ಬಿಚ್ಚಿ ಡಬ್ಬಿ ಜಗಲಿ ಮ್ಯಾಲ ಇಟ್ಟು ಕೈ ಮುಗದ್ಲು.

ಈಗ ನಮ್ಮ ಮಾತೆಲ್ಲಾ ಪಾಟಿ ಮ್ಯಾಲ. ನಾ ಬಳಪದಿಂದ ಬರೀತೀನಿ, ಅಕಿ ಓದಿ ಬಾಯಿಲೆ ಹೇಳತಾಳ. ತನ್ನ ದನಿ ತನಗ ಕೇಳಸೂದಿಲ್ಲಲ್ಲ, ಓಣಿ ತುಂಬ ಕೇಳೂವಂಗ ಹೇಳತಾಳ. ನಾ ತಡಾ ಮಾಡಿ ಅಕ್ಷರಾ ಕಲ್ತಿದ್ದು ಇದಕ್ಕ ಉಪಯೋಗ ಬಂತು. ಇಷ್ಟರಾಗ ನನಗ ಒಂದ ಆಸರಿ ಇತ್ತು. ಎಷ್ಟ ತಡಾ ಮಾಡಿದ್ರೂ, ಯುಗಾದಿಯಿಂದ ಶ್ರಾವಣದತನಕ ನಾಕ ತಿಂಗಳರ ಅಕಿ ಹೊಟ್ಟಿ ತುಂಬ ಕೇಳಿದ್ಲಲ್ಲ ಅಂತ. ಎರಡ ವರ್ಷ ಅದನ್ನ ಹಿಡಕೊಂಡ ಬದಕೀನ್ರಿ. ನಿನ್ನೆ ಅದು ಕಾಗದದ ಮಡಿಕಿಯಿಂದ ಕೆಳಗ ಬಿತ್ತು.

ಡಬ್ಬಿ ತಂದು ಚಾರ್ಜಿಗಿ ಹಚ್ಚಿದೆ. ಒಂದ ತಾಸ ಆದ ಮ್ಯಾಲ ಹಸರ ದೀಪಾ ಬಂತು. ಕಾರ್ಡ ಹಾಕೂ ಸಂದಿ ಬಾಯಿ ಬಿಟ್ಟಕೊಂಡು ಖಾಲಿ ಇತ್ತು. ಕಾರ್ಡ ಹಾಕಿ, ಜೀವನದಾಗ ಮೊದಲನೇ ಸಲ ಅದರ ವಾಯರ ನನ್ನ ಕಿವ್ಯಾಗ ಇಟ್ಟಕೊಂಡೆ. ಬೀಸೂಕಲ್ಲ ಗರ್ ಅಂತು, ಹೆಣ್ಮಕ್ಕಳ ದನಿ ಎದ್ದುವು. ಎಷ್ಟ ದೊಡ್ಡ ದನಿ ಅಂತೀರಿ, ಆರಿಸಿದ್ದ ಖರೇನ ಛಲೋ ಡಬ್ಬಿ.

ಪಾರವ್ವ ಒಲಿ ಮುಂದಿಂದ ನೋಡಿದ್ಲು. ಕೈಯಾಗಿನ ರೊಟ್ಟಿ ಹಂಚಿಗಿ ಹಾಕಿ ಬಂದು ಎದರಿಗಿ ಕುಂತ್ಲು.

"ಬರ್ತೈತೇನ್ರಿ?" ಅಂತ ಕೂಗಿದ್ಲು.

ನಾ ಗೋಣ ಹಾಕಿದೆ.

"ಹಾಂ, ಹಂಗಾರ ಡಬ್ಬಿ ಬರಾಬರಿ ಐತಿ" ಅಂದ್ಲು. ಆಮ್ಯಾಲ ಯಾರದೋ ಸುದ್ದಿ ಹೇಳೂವಂಗ ಹೇಳಿದ್ಲು: "ಆವತ್ತ ನನಗ ಏನೂ ಬರಲಿಲ್ಲ ನೋಡ್ರಿ. ನೀವು ಅಷ್ಟ ತಿರಗಿ ತಂದೀರಿ, ಹೆಂಗ ಹೇಳಲಿ? ಛಲೋ ಐತಿ ಅಂದೆ. ಒಂದ ಮಾತ್ರ ತಿಳೀಲಿಲ್ರಿ. ಆವಾಗ ನನಗ ಕುಕ್ಕರಿನ ಸೀಟಿ ಕೇಳಸ್ತಿತ್ತು, ಕಾಕೂನ ಎಮ್ಮಿ ಒದರೂದ ಕೇಳಸ್ತಿತ್ತು, ನೀವ ಕರದದ್ದು ಕೇಳಸ್ತಿತ್ತು. ಹಾಡೊಂದ ಕೇಳಸ್ತಿರಲಿಲ್ಲ. ದಿನಾ ಇಟ್ಟಕೊಂಡ ನೋಡಿದೆ, ಇವತ್ತರ ಬಂದೀತು ಅಂತ. ಹಾಡಿನ ಕಿವಿ ಮೊದಲ ಹೋಗ್ತೈತೇನ್ರಿ?"

ನನ್ನ ಕಿವ್ಯಾಗ ಹೆಣ್ಮಕ್ಕಳ ಹಾಡಾಕತ್ತಿದ್ರು. ಅಕಿ ನನ್ನ ಮಾರಿ ನೋಡಕೋತ ಕುಂತಿದ್ಲು, ತೂಗ ಸೇತುವಿ ಮ್ಯಾಲ ನೋಡಿದಂಗ.

ಪಾಟಿ ತಗೊಂಡೆ. ಬಳಪ ಹಿಡದೆ. ಪ್ರಶ್ನಿ ಪೂರಾ ಓದೀನಿ, ಉತ್ತರಾನೂ ಗೊತ್ತೈತಿ. ಕಾರ್ಡಿನ ಮಾತ ಬರಿಯಾಕ ಕೈ ಏಳಲಿಲ್ಲ.

'ಹೂಂ. ಹಾಡಿನ ಕಿವಿ ಮೊದಲ ಹೋಗ್ತೈತಿ' ಅಂತ ಬರದೆ.

ಅಕಿ ಒಂದೊಂದ ಅಕ್ಷರಾ ಓದಿದ್ಲು. "ನಾ ಅಂದಕೊಂಡಿದ್ದೆ" ಅಂದ್ಲು. ಹಿಟ್ಟಿನ ಕೈಲೇ ಪಾಟಿ ಒರಿಸಿ ಇಟ್ಟು, ಹಂಚಿನ ಮ್ಯಾಲಿನ ರೊಟ್ಟಿ ಸೀದೀತು ಅಂತ ಎದ್ದ ಹೋದ್ಲು.